ಒಂದು ಪೌಂಡಿನ ಪೋಸ್ಟಲ್ ಆರ್ಡರ್

2006ರಲ್ಲಿ ನಾವು ಮೂವರು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ದಿನಸಿ ಅಂಗಡಿಯೊಂದರ ಮೇಲಿನ ರೂಮಿನಲ್ಲಿದ್ದೆವು. ಶಾಪಿಂಗ್ ಸೆಂಟರಿನಲ್ಲಿ ಟೇಬಲ್ ಹಾಕಿಕೊಂಡಿದ್ದ ಹುಡುಗನೊಬ್ಬ ನನ್ನಿಂದ ಕ್ರೆಡಿಟ್ ಕಾರ್ಡಿನ ಫಾರಂ ತುಂಬಿಸಿಕೊಂಡು, ಪುಕ್ಕಟೆ ಛತ್ರಿ ಕೊಟ್ಟ. ಛತ್ರಿ ಎರಡನೇ ಗಾಳಿಗೇ ಮುರಿಯಿತು. ಸಾಲ ಹದಿನೈದು ವರ್ಷ ಬಾಳಿಕೆ ಬಂತು.

ಅಪ್ಪನ ಆಪರೇಷನ್‌ಗೆ ಊರಿಗೆ ಓಡಿದ್ದು ಅದೇ ಕಾರ್ಡಿನ ಟಿಕೆಟ್‌ನಲ್ಲಿ. ಆಮೇಲೆ ಕೆಲಸ ಹೋಯಿತು, ಕಂತು ತಪ್ಪಿತು. ಬ್ಯಾಂಕು ಸಾಲವನ್ನು ಬೇರೆ ಕಂಪನಿಗೆ ಮಾರಿತು. ನಾನು ತಿಂಗಳಿಗೆ ಐದು ಪೌಂಡ್ ಕಟ್ಟುತ್ತಾ ಬಂದೆ. 2021ರಲ್ಲಿ ಆ ಕಂಪನಿಯಿಂದ ಕಾಗದ: 2,340 ಪೌಂಡ್ ಪೂರ್ತಿ ಕಟ್ಟಿ, ಇಲ್ಲಾಂದ್ರೆ ಕೋರ್ಟು.

ಪುಕ್ಕಟೆ ಸಲಹೆ ಕೊಡುವ ನ್ಯಾಷನಲ್ ಡೆಟ್‌ಲೈನ್‌ಗೆ ಫೋನ್ ಮಾಡಿದೆ. ಆರು ವರ್ಷ ದಾಟಿದರೆ ಸಾಲಕ್ಕೆ ಕೋರ್ಟಿಗೆ ಹೋಗೋ ಹಾಗಿಲ್ಲ ಅಂತ ಗೆಳೆಯರು ಹೇಳಿದ್ದರು. ಆದರೆ ನನ್ನ ಐದೈದು ಪೌಂಡಿನಿಂದ ಆ ಲೆಕ್ಕ ಪ್ರತಿ ಸಲ ಮತ್ತೆ ಒಂದರಿಂದ ಶುರುವಾಗುತ್ತಿತ್ತಂತೆ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ, ಅಲ್ವಾ! ಆಮೇಲೆ ಫೋನಿನಲ್ಲಿದ್ದ ಸಲಹೆಗಾರ್ತಿ ಕೇಳಿದರು: "ನಿಮ್ಮ ಅಗ್ರಿಮೆಂಟ್ ತರಿಸಿ ನೋಡಿದ್ದೀರಾ?"

1974ರ ಕನ್‌ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 78ನೇ ಸೆಕ್ಷನ್ ಪ್ರಕಾರ ಒಂದು ಪೌಂಡ್ ಕಳಿಸಿ ಅಗ್ರಿಮೆಂಟಿನ ಕಾಪಿ ಕೇಳಬಹುದು. ಹನ್ನೆರಡು ಕೆಲಸದ ದಿನದೊಳಗೆ ಕೊಡಬೇಕು. ಕೊಡುವವರೆಗೆ ಕೋರ್ಟಿನಲ್ಲಿ ಸಾಲ ಜಾರಿ ಮಾಡಿಸೋಕೆ ಆಗಲ್ಲ. ನನ್ನದು 2007ರ ಏಪ್ರಿಲ್ 6ಕ್ಕಿಂತ ಹಿಂದಿನದು. ಆ ಕಾಲದ ಅಗ್ರಿಮೆಂಟಿನಲ್ಲಿ ಬಡ್ಡಿ, ಮಿತಿ, ಕಂತು ಇವೆಲ್ಲ ಬರೆದು ಕೆಳಗೆ ನನ್ನ ಸಹಿ ಇಲ್ಲದಿದ್ದರೆ ಜಡ್ಜ್ ಕೂಡ ಏನೂ ಮಾಡೋ ಹಾಗಿರಲಿಲ್ಲ.

ಪೋಸ್ಟಲ್ ಆರ್ಡರ್ ತಂದೆ. ಸಾಲ ಒಪ್ಪಿಕೊಂಡ ಹಾಗೆ ಆಗಬಾರದು ಅಂತ ಕಾಗದದಲ್ಲಿ ಎಲ್ಲೂ "ನನ್ನ ಸಾಲ" ಅನ್ನಲಿಲ್ಲ, ಬರೀ ಅಕೌಂಟ್ ನಂಬರ್.

ಇಪ್ಪತ್ತೆಂಟನೇ ದಿನ ದಪ್ಪ ಲಕೋಟೆ ಬಂತು. ಒಳಗೆ ಹೊಸದಾಗಿ ಪ್ರಿಂಟ್ ಮಾಡಿದ ಹಾಳೆಗಳು, ಸಹಿ ಇಲ್ಲ. ಗೆದ್ದೆ ಅಂದುಕೊಂಡೆ. ಸುಮ್ನೆ ಕುಣಿದಿದ್ದು. 78ನೇ ಸೆಕ್ಷನ್ನಿನ ಕಾಪಿಗೆ ಸಹಿ ಇರುವ ಮೂಲ ಪತ್ರವೇ ಬೇಕಿಲ್ಲ, ದಾಖಲೆಗಳಿಂದ ಮತ್ತೆ ತಯಾರಿಸಿದ ಕಾಪಿ ಕೊಟ್ಟರೂ ಸಾಕು ಅಂತ 2009ರಲ್ಲೇ ಹೈಕೋರ್ಟ್ ಹೇಳಿದೆಯಂತೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಕಾಪಿಯಲ್ಲಿ ಸಹಿ ಹಾಕಿದ ದಿನದ ವಿಳಾಸವೇ ಇರಬೇಕು.

ಮೊದಲ ಹಾಳೆ ಮತ್ತೆ ನೋಡಿದೆ. ತಾರೀಖು 2006. ವಿಳಾಸ ಮಾತ್ರ ರೆಡಿಂಗ್‌ನ ಈ ಮನೆಯದು. ನಾವು ಇಲ್ಲಿಗೆ ಬಂದಿದ್ದೇ 2014ರಲ್ಲಿ! ಹೆಂಡತಿಗೆ ತೋರಿಸಿದೆ. "ಎಂಟು ವರ್ಷ ಮುಂಚೇನೇ ಮನೆ ಹುಡುಕಿಟ್ಟಿದ್ರಾ?" ಅಂದಳು.

ಅದನ್ನೇ ಬರೆದು ಕಳಿಸಿದೆ. ಉತ್ತರ ಬರಲು ಎರಡು ತಿಂಗಳಾಯಿತು: ಸದ್ಯಕ್ಕೆ ಕೋರ್ಟಿಗೆ ಹೋಗುವುದಿಲ್ಲ, ಆದರೆ ಸಾಲ ಬಾಕಿಯೇ ಇದೆ. ಅದು ಸರಿಯೇ. ಸರಿಯಾದ ಕಾಪಿ ಕೊಟ್ಟ ದಿನ ಆ ತಡೆ ಹೋಗುತ್ತದೆ. ಅಲ್ಲಿಯವರೆಗೂ ದುಡ್ಡು ಕೇಳಬಹುದು, ಫೋನ್ ಮಾಡಬಹುದು.

ಆಗ 700 ಪೌಂಡ್‌ಗೆ ಪೂರ್ತಿ ಮುಗಿಸೋಣ ಅಂತ ಬರೆದೆ. ಒಪ್ಪಿದರು. ಬರಹದಲ್ಲಿ ತರಿಸಿಕೊಂಡೇ ಕಟ್ಟಿದೆ.

"ಅಷ್ಟೂ ಯಾಕೆ ಕಟ್ಟಿದ್ರಿ?" ಅಂತ ಹೆಂಡತಿ ಕೇಳಿದಳು.

"ಟಿಕೆಟ್‌ನಲ್ಲಿ ಊರಿಗೆ ಹೋಗಿದ್ದು ನಾನೇ ತಾನೇ?"