ಅಮ್ಮನ ಹೆಸರಿನ ಎರಡು ಲೀಟರ್

ಭಾನುವಾರ ಬೆಳಿಗ್ಗೆ ತಮ್ಮನ ಗೆಳೆಯ ಬಂದು ವೈನ್ ಬಾಟಲಿಗಳನ್ನು ತೆಗೆದುಕೊಂಡು ಹೋದ. ಇನ್ನೂ ಗೇಟಿನ ಹತ್ತಿರ ಇರುವಾಗಲೇ ‘ಒಂದೂ ಒಡೆದಿಲ್ಲ ತಾನೇ, ಆಂಟಿ?’ ಅಂತ ಕೇಳಿದ. ಪ್ರಯಾಣ ಹೇಗಾಯಿತು, ಕಾಲು ಊದಿಕೊಂಡಿತಾ, ನಿದ್ದೆ ಬಂತಾ ಎಂಬುದೆಲ್ಲ ಕಾಫಿ ಲೋಟ ಕೈಗೆ ಬಂದ ಮೇಲೆ. ಕೆಟ್ಟ ಹುಡುಗನಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಬೆಂಚಿನ ಮೇಲೆ ಕೂತಿದ್ದವನು. ಆದರೂ ಆ ಮೊದಲ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ತಮ್ಮ ತನ್ನ ಮನೆಯ ಹಾಲ್‌ನಲ್ಲಿ ನಿಂತು ಆಡಿದ ಮಾತು ಮತ್ತೆ ಎದ್ದು ಬಂತು. ‘ಅಮ್ಮನ ಕೋಟಾ ಹೇಗೂ ಖಾಲಿ ಇದೆಯಲ್ಲ, ಅಕ್ಕ.’

ತಮ್ಮ ಇರುವುದು ಜರ್ಮನಿಯ ಮೈಂಟ್ಸ್‌ನಲ್ಲಿ. ನಾನೂ ಅಮ್ಮನೂ ಅವನ ಮನೆಗೆ ಹೋಗಿ ಬಂದೆವು. ಆ ದೇಶದ ಅತಿ ದೊಡ್ಡ ವೈನ್ ಸೀಮೆ ರೈನ್‌ಹೆಸ್ಸನ್, ಅದರ ಅಂಚಿನಲ್ಲೇ ಊರು. ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೂ ದ್ರಾಕ್ಷಿ ಸಾಲುಗಳು ಕಾಣುತ್ತವೆ. ಗೆಳೆಯನಿಗೆ ಅಲ್ಲಿನ ರೀಸ್ಲಿಂಗ್ ಎಂಬ ಬಿಳಿ ವೈನ್ ಬೇಕಿತ್ತು. ಹೊರದೇಶದಿಂದ ಬರುವ ಒಬ್ಬೊಬ್ಬರಿಗೂ ಸುಂಕವಿಲ್ಲದೆ 2 ಲೀಟರ್ ಮದ್ಯ ತರಲು ನಮ್ಮ ಕಸ್ಟಮ್ಸ್ ಬಿಡುತ್ತದೆ. ನಾವಿಬ್ಬರು, ಹಾಗಾಗಿ 4 ಲೀಟರ್, 750 ಮಿಲಿಯ ಐದು ಬಾಟಲಿ ಹಿಡಿಯುತ್ತದೆ ಎಂದು ತಮ್ಮ ಲೆಕ್ಕ ಹಾಕಿದ್ದ. ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿಗೆ ಕೂಡಿಸುವ ಹಾಗಿಲ್ಲ. ಮೂರು ಬಾಟಲಿ ಇದ್ದವರ ಪೆಟ್ಟಿಗೆ 2.25 ಲೀಟರ್ ಆಗಿಬಿಡುತ್ತದೆ. ಅದನ್ನು ಹೇಳಿದ ಮೇಲೆ ತಲೆಗೆ ಎರಡರಂತೆ ನಾಲ್ಕಕ್ಕೆ ಇಳಿದ.

‘ಅಮ್ಮನನ್ನ ಕೇಳಿದೆಯಾ?’ ಅಂದೆ.

‘ಅಮ್ಮ ಬೇಡ ಅಂತಾಳಾ?’ ಅಂದ.

ಅಮ್ಮ ಅಲ್ಲೇ ಸೋಫಾದ ಮೇಲೆ ಕೂತು ಸೀರೆ ಮಡಿಸುತ್ತಿದ್ದಳು.

ಅವಳ ಟಿಕೆಟ್ಟಿಗೆ 23 ಕಿಲೋದ ಒಂದೇ ಪೆಟ್ಟಿಗೆ. ತುಂಬಿದ ಬಾಟಲಿ ಒಂದೊಂದೂ ಕಿಲೋದ ಮೇಲೆ ತೂಗುತ್ತದೆ. ಎರಡು ಒಳಗೆ ಹೋಗಬೇಕಾದರೆ ಏನಾದರೂ ಹೊರಗೆ ಬರಬೇಕು. ಬಂದದ್ದು ಕಾಫಿ ಬೀಜ ಬೀಸುವ ಹಳೇ ಕೈಗಿರಣಿ. ಮರದ ಡಬ್ಬಿ, ಮೇಲೆ ಕಬ್ಬಿಣದ ಹಿಡಿ, ಕೆಳಗೆ ಪುಡಿ ಬೀಳಲು ಒಂದು ಪುಟ್ಟ ಡ್ರಾಯರ್. ರೈನ್ ದಂಡೆಯ ಹಳೇ ಸಾಮಾನಿನ ಸಂತೆಯಲ್ಲಿ ಅಮ್ಮ ತಾನೇ ಹುಡುಕಿ, ಭಾಷೆ ಬಾರದೆ ಬೆರಳಿನಲ್ಲೇ ಚೌಕಾಸಿ ಮಾಡಿ, ತನ್ನ ಪರ್ಸಿನಿಂದ ದುಡ್ಡು ಕೊಟ್ಟು ತಂದದ್ದು. ಇಡೀ ಪ್ರವಾಸದಲ್ಲಿ ಅವಳು ತನಗಾಗಿ ಕೊಂಡ ವಸ್ತು ಅದೊಂದೇ. ‘ಇಲ್ಲೇ ಇರಲಿ ಬಿಡಪ್ಪ, ಮುಂದಿನ ಸಲ ಆಯ್ತು’ ಎಂದು ತಾನೇ ಎತ್ತಿ ಕಪಾಟಿನಲ್ಲಿಟ್ಟಳು.

ಪ್ಯಾಕ್ ಮಾಡಿದ್ದೂ ಅವಳೇ. ತಮ್ಮ ಗಾಳಿಗುಳ್ಳೆಗಳ ಜಿಪ್ ಚೀಲಗಳನ್ನು ತಂದಿಟ್ಟಿದ್ದ. ಅವು ಗಿಡ್ಡ ಬಾಟಲಿಗೆ ಸರಿ. ರೀಸ್ಲಿಂಗ್ ಬಾಟಲಿ ತೆಳ್ಳಗೆ, ಉದ್ದಕ್ಕೆ. ಕತ್ತು ಚೀಲದ ಹೊರಗೇ ಉಳಿಯಿತು. ಅಮ್ಮ ಚೀಲ ಪಕ್ಕಕ್ಕಿಟ್ಟಳು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಳು. ಭುಜದಿಂದ ಕತ್ತಿನವರೆಗೆ ಗಾಜು ಸಣ್ಣಗಾಗುವ ಜಾಗಕ್ಕೆ ಕಾಲುಚೀಲ ಸುತ್ತಿ, ಮೇಲಿಂದ ಕೆಳಗಿನತನಕ ಒಂದೇ ದಪ್ಪ ಬರುವ ಹಾಗೆ ಮಾಡಿದಳು. ಆಮೇಲೆ ಒಂದೊಂದಕ್ಕೂ ಒಂದು ಕವರ್, ಅದರ ಮೇಲೆ ಒಂದು ಕಾಟನ್ ಸೀರೆ. ಪೆಟ್ಟಿಗೆಯ ನಡುಮಧ್ಯೆ, ನಾಲ್ಕು ಕಡೆಗೂ ಅಂಗೈಯಗಲ ಬಟ್ಟೆ ಬಿಟ್ಟು, ಎರಡರ ನಡುವೆ ಸ್ವೆಟರ್ ತುರುಕಿದಳು. ಮುಚ್ಚಿ, ಎತ್ತಿ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದಳು. ವಿಮಾನ ಮೇಲೇರಿದಾಗ ಬಾಟಲಿ ಸಿಡಿಯುತ್ತದೆ ಎಂದು ಹೆದರುವವರಿದ್ದಾರೆ. ಪೆಟ್ಟಿಗೆಗಳಿರುವ ಕೆಳಮನೆಯಲ್ಲೂ ನಾವು ಕೂರುವ ಕಡೆ ಇರುವಷ್ಟೇ ಗಾಳಿಯ ಒತ್ತಡ ಇಟ್ಟಿರುತ್ತಾರೆ. ಬಾಟಲಿ ಒಡೆಯುವುದು ನೆಲದ ಮೇಲೆ, ಪೆಟ್ಟಿಗೆಯನ್ನು ಎತ್ತಿ ಎಸೆಯುವಾಗ, ಗಾಜಿಗೆ ಗಾಜು ತಾಗಿದಾಗ. ಅಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಿಡಿ ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದ ಕೈ ಅದು.

ಹೊರಡುವ ಹಿಂದಿನ ಸಂಜೆ ತಮ್ಮ ಇನ್ನೊಂದು ಬಾಟಲಿ ಹಿಡಿದು ಬಂದ. ಫೆಡರ್‌ವೈಸರ್ ಅಂತೆ, ಸುಗ್ಗಿಯ ಈ ದಿನಗಳಲ್ಲಿ ಮಾತ್ರ ಸಿಗುವ, ಇನ್ನೂ ಹುದುಗುತ್ತಿರುವ ಎಳೆ ವೈನ್. ಮಂಕು ಹಳದಿ ಬಣ್ಣ. ಅಮ್ಮ ಕೈಗೆ ತೆಗೆದುಕೊಂಡು ಸ್ವಲ್ಪ ವಾಲಿಸಿದಳು. ಮುಚ್ಚಳದ ಅಂಚಿನಲ್ಲಿ ಜಿನುಗಿತು. ಒಳಗಿನ ಗಾಳಿ ಹೋಗಲೆಂದೇ ಆ ಮುಚ್ಚಳವನ್ನು ಭದ್ರ ಮಾಡಿರುವುದಿಲ್ಲ. ಅಂಗಡಿಯಲ್ಲೂ ನೆಟ್ಟಗೆ ನಿಲ್ಲಿಸಿಯೇ ಇಡುತ್ತಾರೆ. ‘ಇದು ದೋಸೆ ಹಿಟ್ಟಿನ ಥರ ಇನ್ನೂ ಉಕ್ತಾ ಇದೆ ಕಣೋ. ಇದನ್ನ ಮಲಗಿಸಬಾರದು’ ಅಂದಳು. ಅಲ್ಲಿಗೆ ಐದನೇ ಬಾಟಲಿಯ ಮಾತು ಮುಗಿಯಿತು. ಆ ರಾತ್ರಿ ತಮ್ಮನೇ ಅದನ್ನು ಈರುಳ್ಳಿ ಕೇಕಿನ ಜೊತೆ ಕುಡಿದ. ಅಲ್ಲಿ ಅದೇ ವಾಡಿಕೆ.

ಬೆಂಗಳೂರಿನಲ್ಲಿ ಇಳಿದಾಗ ನಡುರಾತ್ರಿ ದಾಟಿತ್ತು. ಹೊರಗೆ ಬರುವಾಗ ಅಮ್ಮನ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿ ಅಧಿಕಾರಿಯೊಬ್ಬರು ಪಕ್ಕಕ್ಕೆ ಕರೆದರು. ಮೆತ್ತಗೆಯೇ ಮಾತಾಡಿದರು.

‘ಅಮ್ಮಾ, ಬಾಟಲಿ ಇದೆಯಲ್ಲ, ನಿಮ್ಮದಾ?’

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ‘ಪ್ಯಾಕ್ ಮಾಡಿದ್ದು ನಾನೇ’ ಅಂದಳು. ‘ಕುಡಿಯೋದು ನಾನಲ್ಲ. ಮಗನ ಸ್ನೇಹಿತನಿಗೆ ಅಂತ ಕೊಟ್ಟಿದಾನೆ. ಎರಡೇ ಇರೋದು.’

ಅವರು ತಲೆಯಾಡಿಸಿ ಹೋಗಿ ಅಂದರು. ಆದರೆ ಆ ಬೆಳಕಿನಲ್ಲಿ, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗ, ಜನ್ಮದಲ್ಲಿ ಮದ್ಯ ಮುಟ್ಟದ ಹೆಂಗಸು ಬಾಟಲಿಗೆ ಉತ್ತರ ಕೊಡಬೇಕಾಗಿ ಬಂತು. ವೈನ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅಲ್ಲಿ ಊಟದ ಜೊತೆ ನಾನೂ ಕುಡಿದೆ, ಚೆನ್ನಾಗಿತ್ತು. ತಕರಾರು ಇರುವುದು ‘ಖಾಲಿ’ ಎಂಬ ಲೆಕ್ಕದ ಬಗ್ಗೆ. ಅವಳು ಕುಡಿಯದ್ದರಿಂದ ಅವಳ ಪಾಲು ಖಾಲಿ. ಅವಳಿಗೆ ಸಾಮಾನು ಕಮ್ಮಿಯಾದ್ದರಿಂದ ಅವಳ ಪೆಟ್ಟಿಗೆ ಖಾಲಿ. ಹೋಗುವಾಗಲೂ ಆ ಪೆಟ್ಟಿಗೆಯಲ್ಲಿ ಅವಳವು ಅಂತ ಇದ್ದದ್ದು ನಾಲ್ಕು ಸೀರೆ, ಎರಡು ನೈಟಿ. ಉಳಿದದ್ದೆಲ್ಲ ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ತಮ್ಮನ ಹೆಂಡತಿ ಹೇಳಿದ್ದ ಕುಕ್ಕರ್ ಗ್ಯಾಸ್ಕೆಟ್. ಮನೆಯಲ್ಲೂ ಹೀಗೇ. ಹಿರಿಯರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಎಫ್‌ಡಿ ಅಮ್ಮನ ಹೆಸರಲ್ಲಿ. ಗ್ಯಾಸ್ ಅಮ್ಮನ ಹೆಸರಲ್ಲಿ. ಎಲ್ಲದಕ್ಕೂ ಅವಳ ಸಹಿ ಬೇಕು, ಅವಳ ಆಧಾರ್ ಬೇಕು. ಯಾವುದರಿಂದಲೂ ಅವಳಿಗೊಂದು ಕಾಫಿ ಗಿರಣಿ ಬಂದದ್ದನ್ನು ನಾನು ನೋಡಿಲ್ಲ. ತಮ್ಮ ಅವಳನ್ನು ಕೈಹಿಡಿದು ಊರೆಲ್ಲ ಸುತ್ತಿಸಿದ, ಚಳಿಗೆ ಬೂಟು ಕೊಡಿಸಿದ, ಅವಳಿಗಾಗಿ ರಜೆ ಹಾಕಿದ. ಅವನ ಪ್ರೀತಿಯಲ್ಲಿ ಸುಳ್ಳಿಲ್ಲ. ಅಷ್ಟು ಪ್ರೀತಿಸುವವನ ಬಾಯಲ್ಲೂ ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೇ ನನಗೆ ಈ ವಾರವೆಲ್ಲ ಸಂಕಟ.

ಅಮ್ಮನಿಗೆ ಬೇಸರವೇ ಇಲ್ಲ ಅನ್ನುತ್ತಾಳೆ. ಎರಡು ವಿಮಾನ ಹತ್ತಿಳಿದರೂ ಬಾಟಲಿಗೆ ಏನೂ ಆಗಲಿಲ್ಲವೆಂದು ಪಕ್ಕದ ಮನೆಯವರಿಗೂ ಹೇಳಿದಳು. ಗಿರಣಿಯ ಮಾತು ಮಾತ್ರ ತಾನಾಗಿ ಎತ್ತುವುದಿಲ್ಲ.

ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಮೊದಲು ‘ನೀನು ಎಲ್ಲದಕ್ಕೂ ಜಾಸ್ತಿ ಯೋಚನೆ ಮಾಡ್ತೀಯ ಅಕ್ಕ’ ಅಂದ. ಕಸ್ಟಮ್ಸ್ ಹತ್ತಿರ ನಡೆದದ್ದನ್ನು ಅಮ್ಮ ಅವನಿಗೆ ಹೇಳಿಯೇ ಇರಲಿಲ್ಲ. ಅದನ್ನು ಕೇಳಿ ಸುಮ್ಮನಾದ. ಗಿರಣಿಯನ್ನು ಪಾರ್ಸೆಲ್ ಹಾಕುತ್ತೇನೆ ಅಂದ. ಬೇಡ ಅಂದೆ. ಡಿಸೆಂಬರಿಗೆ ಬರುತ್ತಾನಲ್ಲ, ತನ್ನ ಪೆಟ್ಟಿಗೆಯಲ್ಲಿ, ತನ್ನ 23 ಕಿಲೋದಲ್ಲೇ ತರಲಿ. ಜಾಗ ಸಾಲದಿದ್ದರೆ ಏನನ್ನು ಹೊರಗಿಡಬೇಕೆಂದು ಅವನೇ ನೋಡಿಕೊಳ್ಳಲಿ.