ಭತ್ತದ ಕಣಿವೆಯಲ್ಲಿ ಮೂರು ವಾರ

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿ ಪ್ರಕಾರ ನಾವು 5,54,519 ಜನ. ನನ್ನ ತಂಗಿ ಮಗಳು ಇರೋದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಪಶ್ಚಿಮದ ತುದಿಯಲ್ಲಿ, ಗಾಂಗ್‌ಸೊ-ಗು ಅನ್ನೋ ಭಾಗದಲ್ಲಿ. ಅದರ ವಿಸ್ತೀರ್ಣ ಬರೀ 41 ಚದರ ಕಿಲೋಮೀಟರ್. ಜನ ಮಾತ್ರ ಹೆಚ್ಚುಕಮ್ಮಿ ನಮ್ಮಷ್ಟೇ. ಅಂದ್ರೆ ಮಾಕುಟ್ಟದಿಂದ ಕುಶಾಲನಗರದವರೆಗಿನ ಎಲ್ಲರನ್ನೂ ಗುಡ್ಡೆಹಾಕಿ ನಮ್ಮ ನಾಪೋಕ್ಲು ಸುತ್ತಮುತ್ತ ಕೂರಿಸಿದ ಹಾಗೆ. ಅದೂ ಸಾಲದು ಅಂತ ನಡುವೆ ಒಂದು ವಿಮಾನ ನಿಲ್ದಾಣ ಬೇರೆ.

ಕಾಫಿ ಕೊಯ್ಲು ಶುರುವಾಗುವ ಮುಂಚೆ ಮೂರು ವಾರ ಅಲ್ಲಿದ್ದು ಬಂದೆ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಹಾಗಾಗಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಬದುಕೋದು ಹೇಗಿರುತ್ತೆ ಅಂತ ನೋಡೋ ಆಸೆ ಇತ್ತು.

ಮೊದಲ ವಾರವೇ ದಾರಿ ತಪ್ಪಿದೆ. ಸಂಜೆ ಗಿಂಪೊ ಏರ್‌ಪೋರ್ಟ್ ಹತ್ತಿರದ ಮಾಲ್‌ನಲ್ಲಿ ಸಿಗೋಣ ಅಂದಿದ್ದಳು. ಮೆಟ್ರೋ ಇಳಿದವನು ಅಲ್ಲೇ ನಿಲ್ಲಬೇಕಿತ್ತು. 'ಗಿಂಪೊ' ಅಂತ ಇನ್ನೊಂದು ಬೋರ್ಡ್ ಕಂಡಿತು, ಇನ್ನೂ ಮುಂದೆ ಹೋಗಬೇಕೇನೋ ಅಂದುಕೊಂಡು ಆ ರೈಲು ಹತ್ತಿದೆ. ಎರಡೇ ಡಬ್ಬಿಯ ಪುಟ್ಟ ರೈಲು, ಡ್ರೈವರ್ ಇಲ್ಲ. ಜನ ಮಾತ್ರ ಜಾತ್ರೆ ಬಸ್ಸಿನಷ್ಟು. ಬಾಗಿಲ ಗಾಜಿಗೆ ಮುಖ ಒತ್ತಿಕೊಂಡು ಐದಾರು ಸ್ಟೇಷನ್ ಹೋದೆ. ಫೋನ್ ತೆಗೆಯೋಕೂ ಕೈ ಆಡಲಿಲ್ಲ. ಕೊನೆಗೆ ಹೇಗೋ ಫೋನ್ ಎತ್ತಿದಾಗ ತಂಗಿ ಮಗಳು ಅಂದಳು:

"ಮಾವ, ಗಿಂಪೊ ಬೇರೆ, ಗಿಂಪೊ ಏರ್‌ಪೋರ್ಟ್ ಬೇರೆ! ಅಲ್ಲೇ ಇಳೀರಿ, ವಾಪಸ್ ಬನ್ನಿ."

ವಿಷಯ ಇಷ್ಟೇ. ವಿಮಾನ ನಿಲ್ದಾಣ ಇರೋ ಜಾಗ ಮೊದಲು ಗಿಂಪೊ ಅನ್ನೋ ಗ್ರಾಮೀಣ ಜಿಲ್ಲೆಗೆ ಸೇರಿತ್ತು. 1963ರಲ್ಲಿ ಸೋಲ್ ನಗರ ಇದನ್ನು ತನ್ನೊಳಗೆ ಎಳೆದುಕೊಂಡಿತು. ಗಿಂಪೊ ಊರು ಆಚೆಗೇ ಉಳಿಯಿತು, ಹೆಸರು ಮಾತ್ರ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿತು. ಗಾಂಗ್‌ಸೊ-ಗು ಬೇರೆ ಘಟಕ ಆಗಿದ್ದು 1977ರಲ್ಲಿ.

ಅಲ್ಲಿ ಮೊದಲು ರನ್‌ವೇ ಮಾಡಿದವರು ಜಪಾನೀಯರು, ಕೊರಿಯಾ ಅವರ ಕೈಯಲ್ಲಿದ್ದ ಕಾಲದಲ್ಲಿ. ಹಾನ್ ನದಿ ದಂಡೆಯ ಚಪ್ಪಟೆ ನೆಲ. ಭತ್ತಕ್ಕೂ ಅಂಥದೇ ನೆಲ ಬೇಕು, ವಿಮಾನಕ್ಕೂ ಅಂಥದೇ ಬೇಕು. ಇದು ನನಗೆ ಅಲ್ಲಿಗೆ ಹೋಗುವವರೆಗೂ ಹೊಳೆದಿರಲಿಲ್ಲ ನೋಡಿ. ನಮ್ಮ ಕಡೆ ಚಪ್ಪಟೆ ಜಾಗ ಅಂದ್ರೆ ಗದ್ದೆಯೇ, ಅಲ್ವಾ?

ಕೊಡಗಿನವನಾಗಿ ಒಂದು ಮಾತು ಹೇಳದಿದ್ರೆ ಆಗಲ್ಲ. ಕೊರಿಯಾ ಯುದ್ಧ ನಿಂತ ಮೇಲೆ, 1953ರ ಸೆಪ್ಟೆಂಬರ್ 21ರಂದು, ಉತ್ತರ ಕೊರಿಯಾದ ನೋ ಕುಮ್-ಸೋಕ್ ಎಂಬ ಪೈಲಟ್ ಮಿಗ್-15 ವಿಮಾನ ತಂದು ಇದೇ ಗಿಂಪೊದಲ್ಲಿ ಇಳಿಸಿ ಶರಣಾದ. ಅದೇ ತಿಂಗಳು ನಮ್ಮ ಮಡಿಕೇರಿಯ ಸೇನಾಧಿಕಾರಿ ತಿಮ್ಮಯ್ಯನವರು ಯುದ್ಧ ಕೈದಿಗಳ ಆಯೋಗದ ಅಧ್ಯಕ್ಷರಾಗಿ ಎರಡು ಕೊರಿಯಾಗಳ ಗಡಿಯಲ್ಲಿ ಕೆಲಸ ಶುರುಮಾಡಿದ್ದರು. ಜೊತೆಗೆ ಹೋದ ಭಾರತದ ಸೈನಿಕರು ತಮ್ಮ ನೆಲಕ್ಕೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದರು. ಅದಕ್ಕೇ ಅವರನ್ನು ಇಂಚನ್ ಬಳಿಯ ಹಡಗುಗಳಿಂದಲೇ ಹೆಲಿಕಾಪ್ಟರಿನಲ್ಲಿ ಗಡಿಪಟ್ಟಿಗೆ ಸಾಗಿಸಿದ್ದು. ನನಗೆ ಪಾಸ್‌ಪೋರ್ಟಿಗೆ ಸೀಲ್ ಒತ್ತಿ ನಗುತ್ತಾ ಒಳಗೆ ಬಿಟ್ಟರು.

1958ರಲ್ಲಿ ಗಿಂಪೊ ಸೋಲ್‌ನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆಯಿತು. 2001ರಲ್ಲಿ ಇಂಚನ್‌ನಲ್ಲಿ ಹೊಸದು ಬಂದಾಗ ಹೊರದೇಶದ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಇಲ್ಲಿಗೆ ಮುಗೀತು ಅಂತ ನಾನಾಗಿದ್ರೆ ಅಂದುಕೊಳ್ತಿದ್ದೆ. ಮುಗಿಯಲಿಲ್ಲ. 2003ರಲ್ಲಿ ಟೋಕಿಯೋದ ಹನೇಡಾಗೆ ವಿಮಾನ ಶುರುವಾಯಿತು. ಇನ್ನು ಗಿಂಪೊದಿಂದ ಜೆಜು ದ್ವೀಪಕ್ಕೆ ಹೋಗೋ ದಾರಿಯಂತೂ ಇಡೀ ಪ್ರಪಂಚದಲ್ಲೇ ಜಾಸ್ತಿ ಓಡಾಟ ಇರೋದು. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಸೀಟು. ವಿರಾಜಪೇಟೆಯಿಂದ ಮೈಸೂರಿಗೆ ಬಸ್ಸು ಬಿಟ್ಟ ಹಾಗೆ ವಿಮಾನ ಬಿಡ್ತಾರೆ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಎಲ್ಲ ಬಂದ್. ಬೆಳಿಗ್ಗೆ ಆರಕ್ಕೆ ಮೊದಲನೇ ಸದ್ದು ಕೇಳಿದ್ರೆ ಅದೇ ನನಗೆ ಅಲಾರಂ.

ತಂಗಿ ಮಗಳ ಮನೆ ಇರೋದು ಹ್ವಾಗೊಕ್‌ನಲ್ಲಿ. ಆ ಹೆಸರಿನ ಅರ್ಥ ಭತ್ತದ ಕಣಿವೆ ಅಂತೆ. ಈಗ ಒಂದು ಪೈರೂ ಇಲ್ಲ. ಇಟ್ಟಿಗೆ ಗೋಡೆಯ ನಾಲ್ಕೈದು ಮಹಡಿಯ ಮನೆಗಳು, ಕೆಳಗೆ ಕಂಬಗಳ ನಡುವೆ ಕಾರು. ಇವಕ್ಕೆ ಅವರು 'ವಿಲ್ಲಾ' ಅಂತಾರೆ. ಕೊಡಗಿನಲ್ಲಿ ವಿಲ್ಲಾ ಅಂದ್ರೆ ಟೂರಿಸ್ಟ್ ಒಂದು ರಾತ್ರಿಗೆ ಹತ್ತು ಸಾವಿರ ಕೊಡೋ ಜಾಗ! ಸೋಲ್‌ನ ಬೇರೆ ಕಡೆ ಮೂವತ್ತು ನಲವತ್ತು ಮಹಡಿ ಎದ್ದಿದ್ದರೂ ಇಲ್ಲಿ ಏಳೋ ಹಾಗಿಲ್ಲ. ರನ್‌ವೇ ಸುತ್ತ ಸುಮಾರು 4 ಕಿಲೋಮೀಟರ್ ಒಳಗೆ 45 ಮೀಟರ್‌ಗಿಂತ ಎತ್ತರ ಕಟ್ಟಬಾರದು ಅನ್ನೋದು ವಿಮಾನದವರ ನಿಯಮ. ಹಾಗಾಗಿ ಮನೆ ಬೆಲೆ ಕಮ್ಮಿ, ಹುಡುಗ ಹುಡುಗಿಯರು ಜಾಸ್ತಿ. ಬಾಡಿಗೆ ಬದಲು ದೊಡ್ಡ ಮೊತ್ತ ಕೊಟ್ಟು ಮನೆ ಹಿಡಿಯೋ ಪದ್ಧತಿ, ಜಾನ್‌ಸೆ ಅಂತ. ನಮ್ಮ ಭೋಗ್ಯ ಇದೆಯಲ್ಲ, ಅದೇ. 2022ರ ಆಸುಪಾಸಿನಲ್ಲಿ ಈ ಕೇರಿಗಳಲ್ಲೇ ಎಷ್ಟೋ ಜನರ ಭೋಗ್ಯದ ದುಡ್ಡು ವಾಪಸ್ ಬರಲಿಲ್ಲ. ಇವಳು ಸುಮ್ನೆ ತಿಂಗಳ ಬಾಡಿಗೆ ಕಟ್ಟುತ್ತಾಳೆ.

ಇವಳ ಕೆಲಸ ಮಾಗೊಕ್‌ನ ಒಂದು ಲ್ಯಾಬಿನಲ್ಲಿ. ಮಾಗೊಕ್ ಕಥೆ ಕೇಳಿದ ಮೇಲೆ ನನಗೆ ಎರಡು ದಿನ ಅದೇ ಗುಂಗು. 1996ರಲ್ಲಿ ಐದನೇ ಮೆಟ್ರೋ ಮಾರ್ಗ ಬಂದಾಗಲೇ ಅಲ್ಲಿ ನೆಲದಡಿ ಸ್ಟೇಷನ್ ಕಟ್ಟಿದ್ದರು. ಆದರೆ ರೈಲು ನಿಲ್ಲುತ್ತಿರಲಿಲ್ಲ. ಇಳಿಯೋಕೆ ಜನ ಎಲ್ಲಿ? ಮೇಲೆ ಇದ್ದದ್ದು ಗದ್ದೆ. ಹನ್ನೆರಡು ವರ್ಷ ರೈಲುಗಳು ನಿಲ್ಲದೆ ದಾಟಿಹೋದವು, 2008ರಲ್ಲಿ ಬಾಗಿಲು ತೆರೀತು. ಸೋಲ್‌ನಲ್ಲಿ ಕಟ್ಟಡ ಏಳದೆ ಉಳಿದಿದ್ದ ಕೊನೆಯ ದೊಡ್ಡ ಬಯಲು ಅದೇ ಅಂತಾರೆ. 2018ರಲ್ಲಿ ಎಲ್‌ಜಿಯವರ ಸೈನ್ಸ್ ಪಾರ್ಕ್ ಶುರುವಾಯಿತು, 2019ರಲ್ಲಿ ಸಸ್ಯೋದ್ಯಾನ. ಎರಡು ದೊಡ್ಡ ವಿಮಾನ ಕಂಪನಿಗಳಾದ ಕೊರಿಯನ್ ಏರ್ ಮತ್ತು ಏಷಿಯಾನಾದ ಮುಖ್ಯ ಕಚೇರಿಗಳೂ ಇದೇ ಗಾಂಗ್‌ಸೊದಲ್ಲಿ. 2024ರ ಡಿಸೆಂಬರಿನಲ್ಲಿ ಮೊದಲನೆಯದು ಎರಡನೆಯದನ್ನು ಕೊಂಡುಕೊಂಡಿತು.

ಸಸ್ಯೋದ್ಯಾನದ ಗಾಜಿನ ಮನೆ ನೋಡೋಕೆ ಟಿಕೆಟ್ ತಗೊಂಡೆವು. ಅಲ್ಲಿ ಬಾಳೆ, ಅಂಜೂರ. ನಮಗೇನು ಹೊಸದು? ನಾನು ನಿಂತಿದ್ದು ಪಾರ್ಕಿನ ಒಂದು ಮೂಲೆಯ ಮರದ ಕಟ್ಟಡದ ಮುಂದೆ. 1928ರ ಪಂಪ್‌ಹೌಸ್. ಮಳೆಗಾಲದಲ್ಲಿ ಗದ್ದೆಗೆ ನುಗ್ಗಿದ ನೀರನ್ನು ಎತ್ತಿ ಹೊರಗೆ ಹಾಕೋಕೆ ಕಟ್ಟಿದ್ದು. ಮೇಲೆ ಮರದ ಹಲಗೆ, ಕೆಳಗೆ ಕಾಂಕ್ರೀಟ್. ಗದ್ದೆ ಹೋಯಿತು, ಇದನ್ನು ಮಾತ್ರ ರಿಪೇರಿ ಮಾಡಿ ಮ್ಯೂಸಿಯಂ ತರಹ ಇಟ್ಟಿದ್ದಾರೆ. ಆ ಹಲಗೆ ಮೇಲೆ ಕೈ ಇಟ್ಟೆ. ನಮ್ಮ ಹೊಳೆಬದಿ ಗದ್ದೆ ಆಗಸ್ಟ್ ಬಂತು ಅಂದ್ರೆ ಕಾವೇರಿಯಲ್ಲಿ ಮುಳುಗಿರುತ್ತೆ. ನಾಟಿ ಮಾಡಿದ್ದು ಕೊಳೆಯುತ್ತೆ. ಆಳೂ ಸಿಗಲ್ಲ. ನಾಲ್ಕು ವರ್ಷದಿಂದ ಪಾಳು ಬಿಟ್ಟಿದ್ದೇನೆ.

ಊರಿಗೆ ಬಂದು ಪಕ್ಕದ ತೋಟದ ಅಣ್ಣನಿಗೆ ಫೋಟೋ ತೋರಿಸಿದೆ. ಅವರೂ ಗದ್ದೆಯನ್ನು ಶುಂಠಿಯವರಿಗೆ ಕೊಟ್ಟು ಕೂತವರು. ಏರ್‌ಪೋರ್ಟ್, ಮಾಲ್, ಗಾಜಿನ ಮನೆ ಎಲ್ಲ ಬೆರಳಲ್ಲಿ ಸರ್ರನೆ ದಾಟಿಸಿದರು. ಪಂಪ್‌ಹೌಸ್ ಬಂದಾಗ ಕನ್ನಡಕ ಹಾಕಿಕೊಂಡರು.

"ಇದು ಎಷ್ಟು ಎಚ್‌ಪಿ?"

ಅದೊಂದನ್ನೇ ನೋಡಿಕೊಂಡು ಬಂದಿರಲಿಲ್ಲ. ತಂಗಿ ಮಗಳಿಗೆ ಮೆಸೇಜ್ ಹಾಕಿದ್ದೇನೆ, ಭಾನುವಾರ ಹೋಗಿ ನೋಡ್ತೀನಿ ಅಂದಿದ್ದಾಳೆ.