ಎಲೆ ಉದುರುವ ಹೊತ್ತಿನ ಸೈಕಲ್ ಸವಾರಿ

ಬೇಸಿಗೆ ಮುಗಿದು ಎಲೆ ಉದುರೋಕೆ ಶುರುವಾದಾಗ ನನಗೆ ಸೈಕಲ್ ಹುಚ್ಚು ಇನ್ನೂ ಜಾಸ್ತಿಯಾಗುತ್ತದೆ. ಬೆವರು ಕಣ್ಣಿಗಿಳಿಯುವುದಿಲ್ಲ, ಏರಿನಲ್ಲೂ ಸುಸ್ತು ಕಡಿಮೆ. ಬೆಳಗ್ಗೆ ಮಾತ್ರ ಬೆರಳು ಮರಗಟ್ಟಿ, ಬ್ರೇಕ್ ಹಿಡಿದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಜರ್ಸಿಯ ಹಿಂದಿನ ಜೇಬಿನಲ್ಲಿ ತೆಳು ಗ್ಲೌಸ್ ಖಾಯಂ. ತೋಳಿಗೆ ಆರ್ಮ್ ವಾರ್ಮರ್ (ತೋಳಿಗಷ್ಟೇ ಹಾಕುವ ಬೆಚ್ಚನೆಯ ಬಿಡಿ ಕವಚ) ಸಾಕು, ಬಿಸಿಲೇರಿದರೆ ಮಣಿಕಟ್ಟಿಗೆ ಇಳಿಸಿಕೊಳ್ಳಬಹುದು. ದಪ್ಪ ಜಾಕೆಟ್‌ನಲ್ಲಿ ಬೇಯುವವರನ್ನು ಕಂಡರೆ ಪಾಪ ಅನಿಸುತ್ತದೆ.

ಟೈರನ್ನೂ ಒಮ್ಮೆ ನೋಡಿ. 25 ಡಿಗ್ರಿಯಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿದ್ದರೆ, 10 ಡಿಗ್ರಿ ಚಳಿಯಲ್ಲಿ ಸುಮಾರು 75ಕ್ಕೆ ಇಳಿದಿರುತ್ತದೆ. ಪಂಕ್ಚರ್ ಅಲ್ಲ, ಚಳಿಗೆ ಒಳಗಿನ ಒತ್ತಡ ಇಳಿದಿದೆ ಅಷ್ಟೇ. ಸುಮ್ನೆ ಟ್ಯೂಬ್ ಬಿಚ್ಚಬೇಡಿ.

ತಿರುವಿನಲ್ಲಿ ಒದ್ದೆ ಎಲೆ ಬಿದ್ದಿದ್ದರೆ ಮೊದಲೇ ವೇಗ ಇಳಿಸಿ, ಅದರ ಮೇಲೆ ಹೋಗುವಾಗ ಬ್ರೇಕ್ ಮುಟ್ಟಬೇಡಿ. ಕತ್ತಲೂ ಬೇಗ ಆಗುತ್ತದೆ ಅಲ್ವಾ? ಹಿಂದಿನ ಕೆಂಪು ಲೈಟನ್ನು ಚಾರ್ಜ್ ಮಾಡಿಟ್ಟುಕೊಳ್ಳಿ.